ನಂಬರ್ ಎಲ್ಲೈತ್ರಿ ಅಕ್ಕಾರ?

2019ರ ಆಗಸ್ಟ್ ಮೊದಲ ವಾರ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ನಿಂತಿರಲಿಲ್ಲ. ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಕೃಷ್ಣಾ, ದೂಧಗಂಗಾ ಎರಡೂ ದಡ ಮೀರಿದ್ದವು. ಆ ಕಡೆ ಘಟಪ್ರಭಾ ಗೋಕಾಕ ಊರೊಳಗೇ ನುಗ್ಗಿತ್ತು. ನಾನು ಚಿಕ್ಕೋಡಿಯಲ್ಲಿ ಒಂದು ಸಣ್ಣ ಸೇವಾ ಸಂಸ್ಥೆಯ ಕಚೇರಿಯಲ್ಲಿ ಕೂತು ಫೋನ್ ಎತ್ತುತ್ತಿದ್ದೆ. ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುವುದೂ ನನ್ನ ಕೆಲಸವೇ.

ನದಿ ದಂಡೆಯ ಊರಿನಿಂದ ಒಬ್ಬರು ಫೋನ್ ಮಾಡಿದರು. "ಅಕ್ಕಾರ, ಒಂದ್ ತಾಸಿನಿಂದ ನಿಮ್ಮ ವೆಬ್‌ಸೈಟ್ ತೆಗಿಯಾಕತ್ತೀನ್ರಿ. ಫೋಟೋ ಅಷ್ಟ ಬರಾಕತ್ತಾವ. ನಂಬರ್ ಎಲ್ಲೈತ್ರಿ? ಕಡೀಕ ನಮ್ಮ ಮಾವನ ಮಗನ ಕಡೆ ಇಸ್ಕೊಂಡೆ."

ಅವರ ಮೊಬೈಲ್‌ನಲ್ಲಿ ಸಿಗ್ನಲ್ ಒಂದು ಕಡ್ಡಿ, ಚಾರ್ಜ್ ಮುಗಿಯುತ್ತಾ ಬಂದಿತ್ತು. ನಮ್ಮ ಮೊದಲ ಪುಟದಲ್ಲಿ ದಾನಿಗಳ ದೊಡ್ಡ ದೊಡ್ಡ ಫೋಟೋ ಇದ್ದವು. ಆ ಪುಟ ಮಾಡಿದವಳು ನಾನೇ. ಅದು ಹಣ ಕೊಡುವವರಿಗಾಗಿ ಮಾಡಿದ ಪುಟ. ನೀರಲ್ಲಿ ನಿಂತವರಿಗೆ ಅದರಿಂದ ಏನೂ ಸಿಗುತ್ತಿರಲಿಲ್ಲ.

ಅವತ್ತು ರಾತ್ರಿಯೇ ಫೋಟೋ ಎಲ್ಲ ತೆಗೆದೆ. ಬರೀ ಅಕ್ಷರದ ಪುಟ ಮಾಡಿದೆ. ಮೇಲೆ ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077, ಆಮೇಲೆ ನಮ್ಮದು. ಒತ್ತಿದರೆ ಸೀದಾ ಕರೆ ಹೋಗಬೇಕು. ಕೆಳಗೆ ಅದೇ ಮಾತು ಮರಾಠಿಯಲ್ಲಿ. ನಮ್ಮ ಗಡಿ ಊರುಗಳಲ್ಲಿ ಎಷ್ಟೋ ಮನೆಗಳಲ್ಲಿ ಓದುವುದು ಮರಾಠಿಯನ್ನೇ ಅಲ್ವಾ.

ಆಮೇಲೆ ನೀರಿನ ಲೆಕ್ಕ. ಕೃಷ್ಣಾ ನದಿಯ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್ ನೀರು ಬಿಟ್ಟರು ಅಂತ ದಿನಾ ಸುದ್ದಿ ಬರುತ್ತದೆ. ನಾವೂ ಅದನ್ನೇ ಹಾಕುತ್ತಿದ್ದೆವು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆದರೆ ಫೋನ್ ಮಾಡಿದವರು ಯಾರೂ ಕ್ಯೂಸೆಕ್ ಕೇಳಲಿಲ್ಲ. ಕಲ್ಲೋಳ–ಯಡೂರ ದಾರಿ ಐತೋ ಮುಳುಗೇತೋ, ಮಲಿಕವಾಡ–ದತ್ತವಾಡ ಹೋಗಬಹುದೋ ಇಲ್ಲವೋ, ಅಷ್ಟೇ ಕೇಳಿದರು. ಹಾಗಾಗಿ ಸೇತುವೆಗಳ ಹೆಸರು ಬರೆದು, ಎದುರಿಗೆ "ಮುಳುಗಿದೆ" ಅಥವಾ "ತೆರೆದಿದೆ" ಅಂತ ಹಾಕಿದೆ. ಪಕ್ಕದಲ್ಲಿ ಎಷ್ಟು ಗಂಟೆಗೆ ತಿಳಿದ ಮಾಹಿತಿ ಅನ್ನುವುದೂ ಇತ್ತು. ಗಂಟೆ ಹಾಕದಿದ್ದರೆ ಆ ಮಾಹಿತಿ ಅಪಾಯ. ಬೆಳಿಗ್ಗೆ ತೆರೆದಿದ್ದ ದಾರಿ ಮಧ್ಯಾಹ್ನ ನೀರೊಳಗೆ ಇರುತ್ತದೆ.

ನಮ್ಮ ಸಹಾಯದ ಫಾರ್ಮ್‌ನಲ್ಲಿ "ಮನೆಯಲ್ಲಿ ಎಷ್ಟು ಜನ" ಅಂತ ಇತ್ತು. ದನಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಬೋಟ್ ಬಂದರೂ ಜನ ಯಾಕೆ ಹತ್ತುತ್ತಿಲ್ಲ ಅಂತ ನಮ್ಮ ಹುಡುಗರು ಬೇಜಾರು ಮಾಡಿಕೊಂಡಿದ್ದರು. ಒಬ್ಬ ಅಜ್ಜಿ ಹೇಳಿದಳಂತೆ, "ಎಮ್ಮಿ ಕಟ್ಟಿಹಾಕಿ ನಾ ಹ್ಯಾಂಗ ಬರ್ಲಿ ಯಪ್ಪಾ?" ನಮ್ಮ ಕಡೆ ಎಮ್ಮೆ ಅಂದರೆ ಮನೆಯ ದುಡಿಮೆ. ಫಾರ್ಮ್‌ಗೆ "ದನಕರು ಎಷ್ಟು, ಮೇವು ಐತೋ ಇಲ್ಲೋ" ಅಂತ ಸೇರಿಸಿದೆ. ಬೇಕಾದ ಸಾಮಾನಿನ ಪಟ್ಟಿಯಲ್ಲಿ ಕಣಿಕೆ (ಜೋಳದ ಒಣ ದಂಟು), ಹಸಿ ಮೇವು ಮೇಲಕ್ಕೆ ಬಂದವು. ನಾನು ಮಾಡಿದ ಬದಲಾವಣೆಗಳಲ್ಲಿ ಜಾಸ್ತಿ ಉಪಯೋಗ ಆಗಿದ್ದು ಇದೇ.

ಅದೇ ಫಾರ್ಮ್‌ನಲ್ಲಿ ಜಾತಿ ಕೇಳುವ ಒಂದು ಸಾಲು ಇತ್ತು. ಯಾವುದೋ ಹಳೆಯ ಅರ್ಜಿಯಿಂದ ಸುಮ್ನೆ ನಕಲು ಆಗಿ ಬಂದದ್ದು. ಅದನ್ನು ಅಳಿಸಿದೆ. 1965ರಲ್ಲಿ ವಿಯೆನ್ನಾದಲ್ಲಿ ರೆಡ್ ಕ್ರಾಸ್‌ನವರು ಒಪ್ಪಿಕೊಂಡ ಏಳು ತತ್ವಗಳಲ್ಲಿ ಒಂದು ಭೇದ ಮಾಡಬಾರದು ಅನ್ನುವುದು. ಕಷ್ಟ ಯಾರಿಗೆ ಜಾಸ್ತಿಯೋ ಅವರಿಗೆ ಮೊದಲು. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಕಾಣೆಯಾದವರ ವಿಷಯದಲ್ಲಿ ಒಂದು ತಪ್ಪು ಮಾಡಿದೆವು. ಮೊದಲ ದಿನ ಹೆಸರು, ಊರು, ಮೊಬೈಲ್ ನಂಬರ್ ಎಲ್ಲವನ್ನೂ ಪುಟದಲ್ಲೇ ಹಾಕಿದೆವು. ಸಂಜೆಗೆ ಒಬ್ಬ ಹೆಣ್ಣುಮಗಳಿಗೆ ಗೊತ್ತಿಲ್ಲದವರ ಕರೆ ಬರಲು ಶುರುವಾದವು. ತಕ್ಷಣ ತೆಗೆದೆವು. ಆಮೇಲೆ ಹೆಸರುಗಳನ್ನು ಒಂದು ವಹಿಯಲ್ಲಿ ಬರೆದು, ನೆರೆ ಸಂತ್ರಸ್ತರ ಪರಿಹಾರ ಕೇಂದ್ರಗಳಿಗೆ ಫೋನ್ ಮಾಡಿ ಹುಡುಕಿದೆವು. ಸಿಕ್ಕವರನ್ನು ಕೇಳಿ, ಅವರು ಹೂಂ ಅಂದ ಮೇಲೆಯೇ ಮನೆಯವರಿಗೆ ಹೇಳಿದೆವು.

ಸಾಮಾನು ಕಳಿಸುವವರಿಗೂ ಒಂದು ಪುಟ ಬೇಕಾಯಿತು. ಹಳೆಯ ಬಟ್ಟೆ ಗುಡ್ಡದ ಹಾಗೆ ಬಿದ್ದಿತ್ತು. ವಿಂಗಡಿಸಲು ಕೈಗಳಿಲ್ಲ, ಮಳೆಗೆ ನೆನೆದು ವಾಸನೆ ಬಂದವು. "ಬಟ್ಟೆ ಸಾಕು. ತಾಡಪತ್ರಿ, ಚಾಪೆ, ಸೊಳ್ಳೆ ಪರದೆ, ಸ್ಯಾನಿಟರಿ ಪ್ಯಾಡ್, ಹೊಸ ಒಳ ಉಡುಪು ಕಳಿಸಿ" ಅಂತ ಬರೆದೆ. ಚಪಾತಿ ಎರಡು ದಿನಕ್ಕೆ ಬೂಸ್ಟು ಹಿಡಿಯುತ್ತಿತ್ತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡದೆ ಉಳಿದವು. ಅದನ್ನೂ ಬರೆದೆ.

ನೀರು ಇಳಿದ ಮೇಲೆ ಪುಟ ಮತ್ತೆ ಬದಲಾಯಿತು. ನೀರು ಕುದಿಸಿ ಕುಡಿಯಿರಿ. ಭೇದಿ ಆದರೆ ಒಂದು ದೊಡ್ಡ ಓಆರ್‌ಎಸ್ ಪಾಕೀಟು ಒಂದು ಲೀಟರ್ ನೀರಿಗೆ. ಮನೆಯೊಳಗೆ ಹಾವು ಸೇರಿರುತ್ತವೆ, ಕೋಲು ಹಿಡಿದು ಒಳಗೆ ಹೋಗಿ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಅಲುಗಾಡಿಸದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಈಗ ಪ್ರತಿ ವರ್ಷ ಮೇ ಕೊನೆಗೆ, ಮಳೆಗೆ ಮುಂಚೆ, ಪುಟದಲ್ಲಿರುವ ಒಂದೊಂದು ನಂಬರಿಗೂ ನಾನೇ ಕರೆ ಮಾಡುತ್ತೇನೆ. ಎತ್ತದಿದ್ದರೆ ಎತ್ತುವವರ ನಂಬರ್ ಹುಡುಕಿ ಹಾಕುತ್ತೇನೆ. ಆಮೇಲೆ ಪುಟವನ್ನು ನಮ್ಮ ಅತ್ತೆಯ ಹಳೆಯ ಮೊಬೈಲ್‌ನಲ್ಲಿ ತೆಗೆದು ನೋಡುತ್ತೇನೆ.