ಹಂದಿ ಕೊಟ್ಟಿಗೆಯ ಹಳೆಯ ಹಾಸು: ಹೊಲಕ್ಕೆ ಚೆಲ್ಲುವ ಮುನ್ನ

ಕೊಟ್ಟಿಗೆಯಿಂದ ತೆಗೆದ ಹಾಸು ಕಪ್ಪಗಿದೆ, ವಾಸನೆಯೂ ಇದೆ. ಇನ್ನು ಗೊಬ್ಬರವಲ್ಲದೆ ಮತ್ತೇನು ಎಂದು ನೇರವಾಗಿ ಹೊಲಕ್ಕೆ ಚೆಲ್ಲುವವರಿದ್ದಾರೆ. ಬಿತ್ತಿದ ಕೆಲವೇ ವಾರಗಳಲ್ಲಿ ಮೆಕ್ಕೆಜೋಳದ ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಹಳದಿಗಟ್ಟತೊಡಗಿದಾಗ ಲೆಕ್ಕ ತಪ್ಪಿದ್ದು ತಿಳಿಯುತ್ತದೆ. ಇಲ್ಲಿ ದೋಷ ಹಂದಿಯದಲ್ಲ, ಅದರ ಕಾಲಡಿ ಹಾಸಿದ ಮರದ ಹೊಟ್ಟಿನದು.

ಮರದ ಹೊಟ್ಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 300 ಪಾಲಿಗೂ ಹೆಚ್ಚಿರಬಹುದು. ಒಣಹುಲ್ಲಿನಲ್ಲಿ ಅದು ಸುಮಾರು 60ರಿಂದ 100, ಹಂದಿಯ ಮಲದಲ್ಲಿ 10ರಿಂದ 15. ಇಂಗಾಲವನ್ನು ಅರಗಿಸಲು ಹೊರಟ ಸೂಕ್ಷ್ಮಜೀವಿಗಳಿಗೆ ಸಾರಜನಕವೂ ಬೇಕು. ಹಾಸಿನಲ್ಲಿ ಸಾಲದಿದ್ದರೆ ಅವು ಮಣ್ಣಿನಿಂದ ಹೀರಿಕೊಳ್ಳುತ್ತವೆ, ಪೈರು ಉಪವಾಸ ಬೀಳುತ್ತದೆ. ಹೀರಿದ್ದನ್ನು ಮುಂದೆ ಮಣ್ಣಿಗೆ ಮರಳಿಸುತ್ತವೆ ನಿಜ. ಆದರೆ ಎಳೆಯ ಪೈರಿಗೆ ಅಷ್ಟು ದಿನ ಕಾಯುವ ವ್ಯವಧಾನವಿಲ್ಲ. ಹಾಗಾಗಿ ಈ ಹಸಿವನ್ನು ಹೊಲದ ಹೊರಗೇ, ಗುಪ್ಪೆಯಲ್ಲೇ ತೀರಿಸಬೇಕು.

ಮೊದಲು ಹಾಸಿನ ಜಾತಕ ನೋಡಿ

ಬಣ್ಣ ಬಳಿದ ಅಥವಾ ಗೆದ್ದಲು ನಿರೋಧಕ ಹಚ್ಚಿದ ಮರದ ಹೊಟ್ಟಾಗಿದ್ದರೆ ಅದನ್ನು ಬೇರೆ ಇಡಿ, ಹೊಲಕ್ಕೆ ಬೇಡ. ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡ ಕೊಟ್ಟಿಗೆಯ ಹಾಸನ್ನು ಕದಲಿಸಲೇಬೇಡಿ. ಅದರ ವಿಲೇವಾರಿ ಪಶುವೈದ್ಯರು ಹೇಳಿದಂತೆಯೇ ಆಗಬೇಕು. ಹುಲ್ಲಿನ ಹಾಸಿನಲ್ಲಿ ಇನ್ನೊಂದು ಅಪಾಯವಿದೆ. ಅಮಿನೊಪಿರಾಲಿಡ್, ಕ್ಲೋಪಿರಾಲಿಡ್‌ನಂಥ ಕಳೆನಾಶಕ ಸಿಂಪಡಿಸಿದ ಹುಲ್ಲಿನಲ್ಲಿ ಅವುಗಳ ಶೇಷ ಕಾಂಪೋಸ್ಟ್ ಆದ ಮೇಲೂ ಉಳಿಯುತ್ತದೆ. ಜೋಳಕ್ಕೆ ಅದರಿಂದ ಬಾಧೆಯಿಲ್ಲ, ಅವರೆ ಮತ್ತು ಟೊಮೆಟೊ ಮಾತ್ರ ಮುರುಟಿಕೊಳ್ಳುತ್ತವೆ.

ಗುಪ್ಪೆ ಹಾಕುವುದು

ನೀರು ನಿಲ್ಲದ, ಬಾವಿ ಮತ್ತು ಹಳ್ಳದಿಂದ ದೂರವಿರುವ ಜಾಗ ಆರಿಸಿ. ಗುಪ್ಪೆ ಎಲ್ಲ ಕಡೆಯಿಂದಲೂ ಕನಿಷ್ಠ ಒಂದು ಮೀಟರ್ ಇರಲಿ, ಅದಕ್ಕಿಂತ ಚಿಕ್ಕದು ಸರಿಯಾಗಿ ಕಾಯುವುದಿಲ್ಲ. ಮಲಮೂತ್ರ ಚೆನ್ನಾಗಿ ಬೆರೆತ ಹಾಸನ್ನೂ ಹೊಟ್ಟು ಹೊಟ್ಟಾಗಿ ಉಳಿದ ಒಣಹಾಸನ್ನೂ ಕಲಸಿ ಹಾಕಿ. ಒಟ್ಟು ಮಿಶ್ರಣದಲ್ಲಿ ಇಂಗಾಲ 25ರಿಂದ 30 ಪಾಲಿಗೆ ಇಳಿಯಬೇಕು. ಹೊಟ್ಟಿನ ಕೈಯೇ ಮೇಲಾಗಿದ್ದರೆ ಹಸಿ ಸಗಣಿಯನ್ನೋ ಹಸಿರೆಲೆಯನ್ನೋ ಸೇರಿಸಬೇಕಾಗುತ್ತದೆ.

ತೇವಕ್ಕೆ ಉಪಕರಣ ಬೇಡ. ಒಂದು ಮುಷ್ಟಿ ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಿದರೆ ಹದ ಸರಿ. ಧಾರೆ ಇಳಿದರೆ ಒಣಹಾಸು ಬೆರೆಸಿ. ಕೈ ಬಿಟ್ಟೊಡನೆ ಪುಡಿಯಾಗಿ ಉದುರಿದರೆ ನೀರು ಚಿಮುಕಿಸಿ.

ಕೆಲವೇ ದಿನಗಳಲ್ಲಿ ಒಳಗೆ ಕಾವೇರುತ್ತದೆ. ಕಬ್ಬಿಣದ ಸಲಾಕೆಯನ್ನು ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದರೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಿರಬೇಕು. ಥರ್ಮಾಮೀಟರ್ ಇದ್ದರೆ 55 ಡಿಗ್ರಿ ಸೆಲ್ಸಿಯಸ್ ಮೇಲೆ 15 ದಿನ, ಆ ಅವಧಿಯಲ್ಲಿ ಐದು ಬಾರಿ ಮಗುಚುವುದು ಎಂಬುದು ಒಪ್ಪಿತ ಅಳತೆ. ಮಗುಚುವಾಗ ಹೊರಗಿನದು ಒಳಕ್ಕೆ ಹೋಗಬೇಕು. ಈ ಹಂತದಲ್ಲಿ ಸೋಮಾರಿತನ ಸಲ್ಲದು: ಹಂದಿಯ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಬಲ್ಲವು, ಅವುಗಳನ್ನು ಕೊಲ್ಲುವುದು ಈ ಕಾವೇ. ಮೂಗಿಗೆ ಅಡರುವ ಅಮೋನಿಯಾ ವಾಸನೆ ಬಂದರೆ ಸಾರಜನಕ ಗಾಳಿಪಾಲಾಗುತ್ತಿದೆ ಎಂದರ್ಥ, ಒಣಹುಲ್ಲು ಬೆರೆಸಿ.

ಕಳಿತಿದೆಯೇ?

ಕಾವು ಇಳಿದ ಮೇಲೂ ಒಂದೆರಡು ತಿಂಗಳು ಬಿಡಿ, ಮರದ ಹೊಟ್ಟಾದರೆ ಇನ್ನೂ ಹೆಚ್ಚು. ಮಗುಚಿದರೂ ಮತ್ತೆ ಬಿಸಿಯೇರದಿದ್ದರೆ, ಮಣ್ಣಿನ ವಾಸನೆ ಬಂದರೆ ಮುಗಿದಂತೆ. ಅನುಮಾನವಿದ್ದರೆ ಎರಡು ಕುಂಡಗಳಲ್ಲಿ ಅವರೆ ಬೀಜ ಊರಿ. ಒಂದರಲ್ಲಿ ಬರಿ ಮಣ್ಣು, ಇನ್ನೊಂದರಲ್ಲಿ ಅರ್ಧ ಗೊಬ್ಬರ ಬೆರೆತ ಮಣ್ಣು. ಹಳದಿಗಟ್ಟಿದರೆ ಇನ್ನೂ ಕಳಿಯಬೇಕು. ಹೊಸ ಎಲೆ ಬಟ್ಟಲಿನಂತೆ ಮುದುಡಿದರೆ ಕಳೆನಾಶಕದ ಶಂಕೆ.

ಹೊಲಕ್ಕೆ

ಬಿತ್ತನೆಗೆ ಎರಡು ಮೂರು ವಾರ ಮೊದಲು ಎಕರೆಗೆ ಸುಮಾರು ನಾಲ್ಕು ಟನ್ ಹರಡಿ, ಅದೇ ದಿನ ಕುಂಟೆ ಹೊಡೆದು ಮಣ್ಣಿಗೆ ಸೇರಿಸಿ. ದೊಡ್ಡ ಮಳೆಯ ಮುನ್ಸೂಚನೆ ಇದ್ದರೆ ಕೆಲಸ ಮುಂದೂಡಿ. ಇದರ ಸಾರಜನಕ ನಿಧಾನವಾಗಿ ಬಿಡುಗಡೆಯಾಗುವುದರಿಂದ ಮೇಲುಗೊಬ್ಬರವನ್ನು ಮೊದಲ ವರ್ಷವೇ ಪೂರ್ತಿ ನಿಲ್ಲಿಸಬೇಡಿ. ಜೋಳ, ಮೆಕ್ಕೆಜೋಳದಂಥ ಹೊಟ್ಟೆಬಾಕ ಬೆಳೆಗಳಿಗೆ ಕೊಡಿ. ತಮ್ಮ ಸಾರಜನಕವನ್ನು ತಾವೇ ದುಡಿದುಕೊಳ್ಳುವ ದ್ವಿದಳ ಧಾನ್ಯಗಳಿಗೆ ಇದನ್ನು ಸುರಿಯುವುದು ದಂಡ.

ಪ್ರತಿ ವರ್ಷ ಒಂದೇ ತಾಕಿಗೆ ಹಾಕುವ ಅಭ್ಯಾಸ ಒಳ್ಳೆಯದಲ್ಲ. ಹಂದಿ ಆಹಾರದಲ್ಲಿ ತಾಮ್ರ, ಸತು ಬೆರೆಸುವುದುಂಟು. ಅವು ರಂಜಕದ ಜೊತೆಗೆ ಮಣ್ಣಿನಲ್ಲಿ ಜಮೆಯಾಗುತ್ತವೆ. ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸುವಾಗ ಈ ಮೂರನ್ನೂ ನೋಡಲು ಕೇಳಿ. ಯಾವುದಾದರೂ ಮಿತಿ ಮೀರಿದ್ದರೆ ಮುಂದಿನ ಗುಪ್ಪೆ ಬೇರೆ ತಾಕಿಗೆ ಹೋಗಲಿ.