ಎರಡೇ ಸಾಲಿನ ಬದಲಾವಣೆಯನ್ನು ರಿವ್ಯೂ ಮಾಡುವುದು ಹೇಗೆ?

ನಾನು ಮೊದಲು ಕಟ್ಟಡಗಳ ಸ್ಟ್ರಕ್ಚರಲ್ ಡಿಸೈನ್ ಮಾಡುತ್ತಿದ್ದೆ, ಈಗ ಕೋಡ್ ಬರೆಯುತ್ತೇನೆ. ಆ ಕೆಲಸದಿಂದ ಬಂದ ಒಂದು ಅಭ್ಯಾಸ ಇಲ್ಲಿ ತುಂಬಾ ಉಪಯೋಗಕ್ಕೆ ಬಂದಿದೆ. ಯಾರಾದರೂ ಕೋಡ್‌ನ ಬದಲಾವಣೆಯನ್ನು ರಿವ್ಯೂಗೆ, ಅಂದರೆ ಸೇರಿಸುವ ಮೊದಲು ಪರಿಶೀಲಿಸಲು, ಕಳಿಸಿದರೆ, ಭಾರ ಈಗ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಕೇಳುತ್ತೇನೆ.

1981ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಬಿಟ್ಟಿದ್ದ ಎರಡು ನಡೆದಾರಿಗಳು ಕುಸಿದು 114 ಜನ ಸತ್ತರು. ಮೊದಲ ಡಿಸೈನ್‌ನಲ್ಲಿ ಛಾವಣಿಯಿಂದ ಇಳಿದ ಉದ್ದನೆಯ ಉಕ್ಕಿನ ಸರಳುಗಳೇ ಮೇಲಿನ, ಕೆಳಗಿನ ಎರಡೂ ದಾರಿಗಳನ್ನು ಹೊತ್ತಿದ್ದವು. ಕಟ್ಟಲು ಸುಲಭವಾಗಲೆಂದು ಪ್ರತಿ ಸರಳನ್ನೂ ಎರಡು ತುಂಡು ಮಾಡಿದರು. ಕೆಳಗಿನ ದಾರಿ ಮೇಲಿನದಕ್ಕೇ ಜೋತುಬಿತ್ತು. ಮೇಲಿನ ತೊಲೆಯ ಕೆಳಗಿದ್ದ ನಟ್ಟಿನ ಮೇಲೆ ಎರಡು ಪಟ್ಟು ಭಾರ ಬಿತ್ತು. ನಕ್ಷೆಯಲ್ಲಿ ನೋಡಿದರೆ ಇದು ಚಿಕ್ಕ ತಿದ್ದುಪಡಿ, ಅಷ್ಟೇ.

ಕೋಡ್‌ನಲ್ಲಿ ಇದು ರೀಟ್ರೈ (ವಿಫಲವಾದ ಕರೆಯನ್ನು ಮತ್ತೆ ಮಾಡುವುದು) ರೂಪದಲ್ಲಿ ಬರುತ್ತದೆ. ಮೇಲಿನ ಸರ್ವಿಸ್ ಮೂರು ಸಲ ಪ್ರಯತ್ನಿಸುತ್ತದೆ. ನಡುವಿನ ಸರ್ವಿಸ್‌ಗೂ ಯಾರೋ ಮೂರು ಅಂತ ಸೇರಿಸುತ್ತಾರೆ. ಮೊದಲೇ ಏದುಸಿರು ಬಿಡುತ್ತಿರುವ ಡೇಟಾಬೇಸ್‌ಗೆ ಈಗ ಮೂರರ ಬದಲು ಒಂಬತ್ತು ಕರೆ! ಆದ್ದರಿಂದ ಡಿಫ್ (ಬದಲಾದ ಸಾಲುಗಳನ್ನು ತೋರಿಸುವ ಪಟ್ಟಿ) ಓದುವ ಮೊದಲು, ಬದಲಾದ ಫಂಕ್ಷನ್ನನ್ನು ಯಾರು ಯಾರು ಕರೆಯುತ್ತಾರೆ ಅಂತ ಹುಡುಕಿ. ಮೊದಲು ಎಷ್ಟು ಕರೆ, ಈಗ ಎಷ್ಟು ಎಂದು ಬರೆದವರನ್ನು ಕೇಳಿ. 'ಸ್ವಲ್ಪ ಜಾಸ್ತಿ ಆಗಬಹುದು' ಅಂದರೆ ಸಾಲದು. ಅಳೆದ ಸಂಖ್ಯೆ ಪುಲ್ ರಿಕ್ವೆಸ್ಟ್‌ನಲ್ಲೇ, ಅಂದರೆ ಬದಲಾವಣೆ ಸೇರಿಸಲು ಕಳಿಸುವ ಕೋರಿಕೆಯಲ್ಲೇ, ಇರಬೇಕು.

ಹಳೆಯ ಕೋಡನ್ನು ಹೊಸ ಜಾಗಕ್ಕೆ ತಂದಿದ್ದರೆ ಇನ್ನೂ ಹುಷಾರಾಗಿರಿ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿದ ಸುಮಾರು 40 ಸೆಕೆಂಡಿಗೆ ಛಿದ್ರವಾಯಿತು. ಏರಿಯಾನ್ 4ರಿಂದ ತಂದ ಕೋಡ್ ಒಂದು ದೊಡ್ಡ ಸಂಖ್ಯೆಯನ್ನು 16 ಬಿಟ್‌ನ ಪೂರ್ಣಾಂಕಕ್ಕೆ ತುಂಬಲು ನೋಡಿತ್ತು. ಅದರ ಮಿತಿ 32,767. ಹಳೆಯ ರಾಕೆಟ್‌ನ ವೇಗಕ್ಕೆ ಅಷ್ಟು ಸಾಕಾಗಿತ್ತು. ಬ್ಯಾಕಪ್ ಕಂಪ್ಯೂಟರ್‌ನಲ್ಲೂ ಅದೇ ಕೋಡ್ ಇದ್ದುದರಿಂದ ಅದೂ ಕೈಕೊಟ್ಟಿತು. ಇಂಥ ಮಿತಿಯನ್ನು ಕಾಮೆಂಟ್‌ನಲ್ಲಿ ಬರೆದು ಬಿಡಬೇಡಿ. ಕೋಡೇ ಅದನ್ನು ಪರೀಕ್ಷಿಸಲಿ. ಮಿತಿಗೆ ಒಂದು ಟೆಸ್ಟ್, ಮಿತಿ ದಾಟಿದ್ದಕ್ಕೆ ಇನ್ನೊಂದು ಬರೆಯಿರಿ.

ಕಟ್ಟಡದವರಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಅವರು ಕಟ್ಟಿದ್ದನ್ನು ಮುರಿದು ನೋಡಲಾಗದು, ನಾವು ನೋಡಬಹುದು. ಟೆಸ್ಟ್ ಸರ್ವರ್‌ನಲ್ಲಿ ಡೇಟಾಬೇಸ್ ನಿಲ್ಲಿಸಿ, ಏನಾಗುತ್ತದೆ ಅಂತ ನೋಡಿ. ಆದರೆ ರೋಲ್‌ಬ್ಯಾಕ್ (ಹಳೆಯ ಆವೃತ್ತಿಗೆ ಮರಳುವುದು) ಇದೆಯಲ್ಲ ಅಂತ ಸುಮ್ನೆ ಒಪ್ಪಬೇಡಿ. ಅದು ಕೋಡನ್ನು ಹಿಂದಕ್ಕೆ ತರುತ್ತದೆ, ಡೇಟಾಬೇಸ್‌ನಿಂದ ಅಳಿಸಿದ ಕಾಲಂ ಅನ್ನು ತರುವುದಿಲ್ಲ. ಹೊಸ ಕಾಲಂ ಮೊದಲು ಸೇರಿಸಿ, ಹಳೆಯದನ್ನು ಮುಂದಿನ ರಿಲೀಸ್‌ಗಳಲ್ಲಿ ತೆಗೆಯಿರಿ.

ಕೊನೆಗೆ ಅಪ್ರೂವ್ ಒತ್ತುವಾಗ ಏನು ನೋಡಿದಿರಿ, ಏನು ನೋಡಿಲ್ಲ ಎಂದು ಬರೆಯಿರಿ. ನಾನು ಸಾಮಾನ್ಯವಾಗಿ ಹೀಗೆ ಬರೆಯುತ್ತೇನೆ: 'ಕರೆಯುವ ಜಾಗಗಳನ್ನೆಲ್ಲ ನೋಡಿದ್ದೇನೆ, ಮೈಗ್ರೇಷನ್ (ಡೇಟಾಬೇಸ್‌ನ ರಚನೆ ಬದಲಿಸುವ ಭಾಗ) ನೋಡಿಲ್ಲ, ಅದನ್ನು ಬೇರೆಯವರು ನೋಡಲಿ.'