ಹುಳುಗಳಿಗೆಂದೇ ಒಂದು ಈಶ್ವರಿ ಬಳ್ಳಿ

ಹಿತ್ತಿಲಿಗೆ ಚಿಟ್ಟೆ ಬರಬೇಕೆಂದು ಹೂವಿನ ಗಿಡಗಳನ್ನಷ್ಟೇ ನೆಡುವವರಿಗೆ ನಾನು ಮೊದಲು ಹೇಳುವುದು ಈಶ್ವರಿ ಬಳ್ಳಿಯ ವಿಷಯ. ಹೂವಿಗೆ ಬಂದ ಚಿಟ್ಟೆ ಮಕರಂದ ಹೀರಿ ಹೊರಟುಹೋಗುತ್ತದೆ. ಮೊಟ್ಟೆಯಿಡಲು ಅದಕ್ಕೆ ಮರಿಹುಳು ತಿನ್ನುವ ಎಲೆಯೇ ಬೇಕು. ನಮ್ಮ ರಾಜ್ಯ ಚಿಟ್ಟೆಯಾದ, ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲವಾಗುವ ಸದರ್ನ್ ಬರ್ಡ್‌ವಿಂಗ್, ಊರೊಳಗೂ ಕಾಣುವ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ಚಿಟ್ಟೆಗಳ ಮರಿಗಳು ಈ ಬಳ್ಳಿಯ ಎಲೆ ತಿಂದು ಬೆಳೆಯುತ್ತವೆ.

ಬೀಜ ಹಿಡಿಯುವುದಕ್ಕೆ ಸ್ವಲ್ಪ ಕಾವಲು ಬೇಕು. ಬಲಿತು ಒಣಗಿದ ಕಾಯಿ ತೊಟ್ಟಿನ ಕಡೆಯಿಂದ ಆರು ಸೀಳಾಗಿ ಬಿರಿದು, ಸೀಳಿದ ತೊಟ್ಟಿನ ಎಳೆಗಳಲ್ಲಿ ಪುಟ್ಟ ನೆಲುವಿನಂತೆ ಜೋತಾಡುತ್ತದೆ. ಒಳಗಿನ ಚಪ್ಪಟೆ ಬೀಜಗಳಿಗೆ ಅಂಚಿನಲ್ಲಿ ತೆಳು ರೆಕ್ಕೆ ಇರುವುದರಿಂದ ಒಂದು ಗಾಳಿ ಬೀಸಿದರೆ ನೆಲುವು ಖಾಲಿ. ಆದ್ದರಿಂದ ಕಾಯಿ ಕಂದು ಬಣ್ಣಕ್ಕೆ ತಿರುಗುವಾಗಲೇ ಹಳೆಯ ಪಂಚೆಯ ತುಂಡನ್ನು ಸಡಿಲವಾಗಿ ಕಟ್ಟಿಬಿಡುತ್ತೇನೆ.

ಬೀಜವನ್ನು ಡಬ್ಬಿಯಲ್ಲಿ ವರ್ಷಗಟ್ಟಲೆ ಇಡದೆ ಹೊಸದಿರುವಾಗಲೇ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಕೆಂಪು ಮಣ್ಣು, ಮರಳು, ಎಲೆಗೊಬ್ಬರ ಸಮನಾಗಿ ಬೆರೆಸಿದ ಕೊಟ್ಟೆಯಲ್ಲಿ ಕಾಲಂಗುಲ ಆಳಕ್ಕೆ ಊರಿ, ಅರೆನೆರಳಿನಲ್ಲಿಡಿ. ಮೊಳಕೆಗೆ ಮೂರು ವಾರವೂ ಆಗಬಹುದು, ಒಂದೂವರೆ ತಿಂಗಳೂ ಆಗಬಹುದು. ನಾನು ಒಮ್ಮೆ ಅವಸರಪಟ್ಟು ಮಣ್ಣು ಕೆದಕಿ, ಆಗಷ್ಟೇ ಬೇರು ಬಿಟ್ಟಿದ್ದ ಬೀಜಗಳನ್ನೇ ಹಾಳುಮಾಡಿಕೊಂಡೆ. ನಾಲ್ಕಾರು ಎಲೆ ಬಂದ ಮೇಲೆ, ಮುಂಗಾರು ಹಿಡಿದಾಗ, ಬೇಲಿಯ ಬುಡದಲ್ಲಿ ನೀರು ನಿಲ್ಲದ ಕಡೆ ನೆಡಿ. ಒಂದೇ ಬಳ್ಳಿ ಸಾಲದು, ನಾಲ್ಕೈದಾದರೂ ಇರಲಿ.

ಮೊದಲ ವರ್ಷ ಹಳೆಯ ಸೊಳ್ಳೆಪರದೆ ಹೊದಿಸಿಡಬೇಕು ಎಂದರೆ ಹಲವರು ನಗುತ್ತಾರೆ. ಆದರೆ ಎಳೆ ಬಳ್ಳಿಯಲ್ಲಿ ಹುಟ್ಟಿದ ಹುಳುಗಳು ಎರಡೇ ದಿನದಲ್ಲಿ ಎಲೆ ಮುಗಿಸಿ, ದಂಟನ್ನೂ ಕಡಿದು, ಕೊನೆಗೆ ತಾವೇ ಹಸಿವಿನಿಂದ ಸಾಯುತ್ತವೆ, ಏಕೆಂದರೆ ಪಕ್ಕದ ದಾಸವಾಳ ಅವುಗಳಿಗೆ ಆಹಾರವಲ್ಲ. ಬೇರು ದಪ್ಪಗಾದ ಬಳ್ಳಿಯಾದರೆ ಪೂರ್ತಿ ಬೋಳಾದರೂ ಮತ್ತೆ ಚಿಗುರುತ್ತದೆ. ಆಗ ಪರದೆ ತೆಗೆಯಿರಿ. ಕಪ್ಪುಗೆಂಪು ಮೈಯ ತುಂಬ ಮೆತ್ತನೆಯ ಮುಳ್ಳಿನಂಥ ಗುಬಟುಗಳು, ನಡುವೆ ಒಂದು ಬಿಳಿ ಪಟ್ಟೆ ಇರುವ ಹುಳು ಕಂಡರೆ ಬೇವಿನೆಣ್ಣೆ ಹುಡುಕಬೇಡಿ, ಅದೇ ನೀವು ಕಾದಿದ್ದ ಅತಿಥಿ.

ಇದರ ಬೇರನ್ನು ಹಾವಿನ ವಿಷಕ್ಕೆ ಮದ್ದೆಂದು ಹಿಂದಿನವರು ಕೊಡುತ್ತಿದ್ದರು. ದಯವಿಟ್ಟು ಯಾರೂ ಸೇವಿಸಬೇಡಿ. ಇದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಹುಳು ಮಾತ್ರ ಆ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ.

ಬೆಳೆದ ಹುಳು ಬಳ್ಳಿ ಬಿಟ್ಟು ದೂರ ಹರಿದುಹೋಗಿ ಕೋಶ ಕಟ್ಟುವುದುಂಟು. ನಮ್ಮಲ್ಲಿ ಒಂದು ಬಟ್ಟೆ ಒಗೆಯುವ ಕಲ್ಲಿನ ಬದಿಗೇ ಅಂಟಿಕೊಂಡು ಕೂತಿತ್ತು. ಒಣಗಿದ ಎಲೆಯಂತೆ ಕಾಣುವ ಅದನ್ನು ಕಸವೆಂದು ಗುಡಿಸದೆ, ಎರಡು ಮೂರು ವಾರ ಇದ್ದಲ್ಲಿಯೇ ಇರಲು ಬಿಡಿ.